187 ಟ್ಯಾಗ್ ಇವೆ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ನಾಲ್ಕು ರೂಮಿನ ಹೋಮ್‌ಸ್ಟೇ. ಕಾಫಿ ಪುಡಿ, ಕಾಳುಮೆಣಸು, ಜೇನು ಪಾರ್ಸೆಲ್‌ನಲ್ಲಿ ಕಳಿಸುತ್ತೇವೆ. 2016ರಿಂದ ಬಂದುಹೋದವರ ಇಮೇಲ್ ಎಲ್ಲ, ಒಟ್ಟಿಗೆ ಮೇಲ್ ಕಳಿಸಲು ಬಳಸುವ ಮೇಲ್‌ಚಿಂಪ್‌ನಲ್ಲಿ ಇದೆ. ಈಗ 3,640 ಜನ, ಅವರನ್ನು ಗುಂಪು ಮಾಡಲು ಹೆಸರಿಗೆ ಅಂಟಿಸಿದ ಗುರುತು, ಅಂದರೆ ಟ್ಯಾಗ್, 187. ಕೆಲವು ನಾನು ಹಾಕಿದ್ದು, ಕೆಲವು ಮಗಳು, ಕೆಲವು ಮೊದಲು ಕೆಲಸಕ್ಕಿದ್ದ ಹುಡುಗ. ಹೋದ ತಿಂಗಳು ಅಂಗಡಿಯವರಿಗೆ ಹೋಗಬೇಕಿದ್ದ ಸಗಟು ದರದ ಮೇಲ್ ಅತಿಥಿಗಳಿಗೆಲ್ಲ ಹೋಗಿಬಿಟ್ಟಿತು. ತುಂಬಾ ನಾಚಿಕೆಯಾಯಿತು. ಟ್ಯಾಗ್ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲಾ? ಬಿಲ್ಲೂ ಜಾಸ್ತಿ ಬರುತ್ತಿದೆ, ಅದು ಇಳಿಯುತ್ತದಾ? ಟ್ಯಾಗ್‌ಗಳ ಪಟ್ಟಿ ಜೊತೆಗಿದೆ.

ಉತ್ತರ: ಎಲ್ಲ ಅಳಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದಿದಾಗ, ಇವತ್ತು ರಾತ್ರಿಯೇ ಕೂತು ಅಳಿಸಿಬಿಡುತ್ತೀರೇನೋ ಅನ್ನಿಸಿತು. ಟ್ಯಾಗ್ ಅಳಿಸಿದರೆ ಜನ ಹೋಗುವುದಿಲ್ಲ, ಅವರ ಇಮೇಲ್ ಹಾಗೇ ಇರುತ್ತದೆ. ಆದರೆ ಯಾರ ಮೇಲೆ ಆ ಗುರುತು ಇತ್ತು ಅನ್ನುವುದು ಹೋಗುತ್ತದೆ. ಅದು ತಾನಾಗಿ ವಾಪಸ್ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಕೆಲವು ವರ್ಷದ ಹಿಂದೆ ಒಂದು ಹೋಮ್‌ಸ್ಟೇ ಲಿಸ್ಟ್ ಸರಿಮಾಡಲು ಕೂತಿದ್ದೆ. ಅದರಲ್ಲಿ 'ಬೇಡ' ಅಂತ ಒಂದು ಟ್ಯಾಗ್ ಇತ್ತು. ನಲವತ್ತು ಜನರ ಮೇಲೆ ಇರಬಹುದು. ಯಾವುದೋ ಹಳೇ ಕಸ ಅಂದುಕೊಂಡು ತೆಗೆದೆ. ಮುಂದಿನ ಮೇಲ್ ಹೋದ ದಿನ ಆ ಹೋಮ್‌ಸ್ಟೇಯ ಮನೆಯವರಿಗೆ ಒಬ್ಬರು ಫೋನ್ ಮಾಡಿದರು. ಅವರ ಯಜಮಾನರು ತೀರಿಕೊಂಡಿದ್ದರು. ಇಬ್ಬರೂ ಒಟ್ಟಿಗೆ ಬಂದು ಉಳಿದ ಜಾಗದಿಂದ ಇನ್ನು ಮೇಲ್ ಬೇಡ ಅಂತ ಹಿಂದಿನ ವರ್ಷವೇ ಹೇಳಿದ್ದರಂತೆ. 'ಬೇಡ' ಅಂದರೆ ಅದು. ಫೋನಿನಲ್ಲಿ, ಮಾತಿನಲ್ಲಿ 'ಇನ್ನು ಕಳಿಸಬೇಡಿ' ಅಂದವರ ಪಟ್ಟಿ. ಮನೆಯವರಿಗೆ ಅನ್‌ಸಬ್‌ಸ್ಕ್ರೈಬ್ ಮಾಡುವುದು, ಅಂದರೆ ಆ ವಿಳಾಸಕ್ಕೆ ಮೇಲ್ ಹೋಗದಂತೆ ನಿಲ್ಲಿಸುವುದು, ಗೊತ್ತಿರಲಿಲ್ಲ, ಅದಕ್ಕೆ ಟ್ಯಾಗ್ ಹಾಕಿ ಇಟ್ಟಿದ್ದರು. ನಾನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ನಿಮ್ಮ ಪಟ್ಟಿಯಲ್ಲೂ 'ಕಳಿಸಬಾರದು' ಅಂತ ಒಂದಿದೆ, 4 ಜನ. 'ನೋ ಮೇಲ್' ಅಂತ ಇನ್ನೊಂದು, 11 ಜನ. ಇವತ್ತು ಏನಾದರೂ ಮಾಡಲೇಬೇಕು ಅನ್ನಿಸಿದರೆ ಇದೊಂದೇ ಕೆಲಸ ಮಾಡಿ. ಆ 15 ಜನರನ್ನು ತೆರೆದು, ಒಬ್ಬೊಬ್ಬರನ್ನೂ ನಿಜವಾಗಿ ಅನ್‌ಸಬ್‌ಸ್ಕ್ರೈಬ್ ಮಾಡಿ. ಬೇಡ ಅಂದವರ ಮಾತನ್ನು ಟ್ಯಾಗ್ ಕಾಯುವುದಿಲ್ಲ. ಮೇಲ್ ಕಳಿಸುವಾಗ 'ಈ ಟ್ಯಾಗ್ ಇರುವವರನ್ನು ಬಿಡು' ಅಂತ ಹೇಳಲು ಒಂದು ಸಲ ಮರೆತರೆ ಸಾಕು, ಹೋಗಿಬಿಡುತ್ತದೆ. ಅನ್‌ಸಬ್‌ಸ್ಕ್ರೈಬ್ ಆದರೆ ನಾವು ಮರೆತರೂ ಮೇಲ್ ಹೋಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಟ್ಯಾಗ್ ತೆಗೆಯಲಿ ಅಂತ ಟ್ಯಾಗ್‌ಗಳನ್ನೇ ನೋಡುತ್ತಾ ಕೂತರೆ ತೀರ್ಮಾನ ಆಗುವುದಿಲ್ಲ. ಪ್ರತಿಯೊಂದೂ 'ಮುಂದೆ ಯಾವತ್ತಾದರೂ ಬೇಕಾಗಬಹುದು' ಅನ್ನಿಸುತ್ತದೆ. ಹಳೇ ಗೋಣಿಚೀಲ ಎತ್ತಿಟ್ಟ ಹಾಗೆ. ಆದ್ದರಿಂದ ಟ್ಯಾಗ್ ಪಟ್ಟಿಯನ್ನು ಪಕ್ಕಕ್ಕಿಡಿ. ಒಂದು ಕಾಗದ ತೆಗೆದುಕೊಂಡು ಮುಂದಿನ ಹನ್ನೆರಡು ತಿಂಗಳಲ್ಲಿ ಯಾವ ಯಾವ ಮೇಲ್ ಕಳಿಸುತ್ತೀರಿ, ಯಾರಿಗೆ ಕಳಿಸುತ್ತೀರಿ ಅಂತ ಬರೆಯಿರಿ. ನಮ್ಮ ಊರಿನಲ್ಲಿ ಇದು ಕಷ್ಟವಲ್ಲ. ವರ್ಷ ಹೇಗೆ ಹೋಗುತ್ತದೆ ಅಂತ ತೋಟವೇ ಹೇಳುತ್ತದೆ.

ನಾನು ಹೇಳುತ್ತಾ ಹೋಗುತ್ತೇನೆ, ನೀವು ತಿದ್ದಿಕೊಳ್ಳಿ. ಮಾರ್ಚ್ ಸುಮಾರಿಗೆ ಹೂಮಳೆ ಬಿದ್ದು ತೋಟ ಬೆಳ್ಳಗಾಗುವಾಗ, ಹೂವು ನೋಡಬೇಕು ಅಂತ ಕೇಳಿದವರಿಗೆ ಒಂದು ಮೇಲ್. ಕಾಫಿ ಹೂವು ಕೆಲವೇ ದಿನ ಇರುತ್ತದೆ, ಅದಕ್ಕೆ ಈ ಮೇಲ್ ಹೋಗಬೇಕಾದ್ದು ಬೇಗ ಹೊರಟು ಬರಬಲ್ಲವರಿಗೆ. ಅದೇ ಸಮಯಕ್ಕೆ ಹೊಸ ಮೆಣಸು ಒಣಗಿರುತ್ತದೆ. ಮೊದಲು ಮೆಣಸು ಕೊಂಡವರಿಗೆ ಒಂದು ಮೇಲ್. ಏಪ್ರಿಲ್, ಮೇ ಮಕ್ಕಳ ರಜೆ. ಜೂನ್‌ನಿಂದ ಮಳೆ. ಮಳೆಯಲ್ಲಿ ಬರಲು ಇಷ್ಟಪಡುವವರು ಬೇರೆಯೇ ಜನ, ಅವರಿಗೆ ಜಿಗಣೆ ಅಂದರೆ ಭಯ ಇಲ್ಲ. ದಸರಾ ಸಮಯದಲ್ಲಿ ಮಡಿಕೇರಿಯಲ್ಲಿ ದಶಮಂಟಪಗಳ ರಾತ್ರಿ ನೋಡಲು ಬರುವವರು. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ, ಹೊರಗೆ ನೆಲೆಸಿರುವ ನಮ್ಮವರಿಗೆ ಜೇನು, ಕಾಫಿ ಪುಡಿ. ಡಿಸೆಂಬರ್ ಕೊನೆಗೆ ರೂಮ್ ತಾನಾಗಿಯೇ ತುಂಬುತ್ತದೆ, ಮೇಲ್ ಬೇಕಾಗಿಲ್ಲ. ಇದರ ಜೊತೆ ಅಂಗಡಿ ಮತ್ತು ಕೆಫೆಗಳಿಗೆ ಸಗಟು ದರ, ವರ್ಷಕ್ಕೆ ಮೂರೋ ನಾಲ್ಕೋ ಸಲ.

ಎಣಿಸಿ ನೋಡಿ, ಹತ್ತು ಹನ್ನೆರಡು ಮೇಲ್ ಆಯಿತು. ಈ ಕಾಗದವನ್ನು ಟ್ಯಾಗ್ ಪಟ್ಟಿಯ ಪಕ್ಕದಲ್ಲಿ ಇಡಿ. ಪ್ರತಿ ಟ್ಯಾಗ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಗುರುತು ಇದೆ ಅನ್ನುವ ಕಾರಣಕ್ಕೆ ಇವರಿಗೆ ಯಾವುದಾದರೂ ಮೇಲ್ ಹೋಗುತ್ತದಾ, ಅಥವಾ ಹೋಗದೆ ಇರುತ್ತದಾ? ಎರಡೂ ಇಲ್ಲ ಅಂದರೆ ಅದು ಟ್ಯಾಗ್ ಆಗಿ ಇರಬೇಕಾಗಿಲ್ಲ. ಇಡೀ ಕೆಲಸಕ್ಕೆ ಈ ಪ್ರಶ್ನೆಯೇ ತಕ್ಕಡಿ.

ನಿಮ್ಮ 187ನ್ನು ಹೀಗೇ ತೂಗಿ ನೋಡಿದೆ. 23 ಟ್ಯಾಗ್‌ಗಳಲ್ಲಿ ಒಬ್ಬರೂ ಇಲ್ಲ. 48ರಲ್ಲಿ ಒಬ್ಬರಿಂದ ನಾಲ್ಕು ಜನ. ಈ 71ರಲ್ಲಿ ಹೆಚ್ಚಿನವು ಹೋಗಬಹುದು, ಆದರೆ ಚಿಕ್ಕದು ಅಂತ ಕಣ್ಣುಮುಚ್ಚಿ ತೆಗೆಯಬೇಡಿ. 'ಕಳಿಸಬಾರದು' ಕೂಡ ನಾಲ್ಕೇ ಜನರದ್ದು, ನೋಡಿ. ಒಂದೊಂದನ್ನೂ ತೆರೆದು ಓದಿ.

ಉಳಿದದ್ದು 116. ಅದರಲ್ಲಿ 31 ಊರಿನ ಹೆಸರು. 28 ತಿಂಗಳು ಅಥವಾ ವರ್ಷ: 'ಡಿಸೆಂಬರ್ 2019', 'ಓಣಂ ರಜೆ', ಹೀಗೆ. 22 ಕೆಲಸದ ಗುರುತು: 'ಟೆಸ್ಟ್', 'ಟೆಸ್ಟ್ 2', 'ಇಂಪೋರ್ಟ್ ಮಾರ್ಚ್', 'ಮೇಲ್ ಕಳಿಸಿದ್ದೇನೆ'. ಇವು ಆ ಹುಡುಗನದ್ದು ಅಂತ ಊಹಿಸುತ್ತೇನೆ. ಅವನು ಮಾಡಿದ್ದು ತಪ್ಪಲ್ಲ, ಕೆಲಸ ನಡೆಯುವಾಗ ಇಂಥ ಗುರುತು ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಯಾರೂ ತೆಗೆಯಲಿಲ್ಲ, ಅಷ್ಟೆ. ಈ 22 ಮುಂದೆ ಯಾರಿಗೂ ಬೇಡ.

ಊರು ಮತ್ತು ತಿಂಗಳಿನ 59ರ ವಿಷಯ ಬೇರೆ. ಆ ಮಾಹಿತಿ ಬೇಕು, ಆದರೆ ಅದು ಟ್ಯಾಗ್ ಆಗಿ ಇರಬಾರದು. ಕಣದಿಂದ ಚೀಲ ಸ್ಟೋರಿಗೆ ಹೋಗುವಾಗ ಅದರ ಮೇಲೆ 'ಅರೇಬಿಕಾ ಪಾರ್ಚ್‌ಮೆಂಟ್' ಅಂತಲೋ 'ರೊಬಸ್ಟಾ ಚೆರ್ರಿ' ಅಂತಲೋ ಬರೆಯುತ್ತೇವೆ, ಅಲ್ವಾ? ಯಾವ ದಿನ ಕೊಯ್ದಿದ್ದು, ಎಷ್ಟು ತೂಕ, ಇದೆಲ್ಲ ಪುಸ್ತಕಕ್ಕೆ ಹೋಗುತ್ತದೆ. ಇಲ್ಲೂ ಹಾಗೇ. ಒಬ್ಬರಿಗೆ ಒಂದೇ ಉತ್ತರ ಇರುವ ಸಂಗತಿ, ಅಂದರೆ ಊರು, ಭಾಷೆ, ಕೊನೆಗೆ ಬಂದ ದಿನಾಂಕ, ಇವು ಫೀಲ್ಡ್‌ನಲ್ಲಿ ಇರಬೇಕು. ಫೀಲ್ಡ್ ಅಂದರೆ ಆ ವ್ಯಕ್ತಿಯ ಹೆಸರಿನ ಪಕ್ಕದ ಖಾನೆ. ಟ್ಯಾಗ್ ಇರಬೇಕಾದ್ದು ಒಬ್ಬರ ಮೇಲೆ ಎರಡು ಮೂರು ಸೇರಿ ಬರಬಹುದಾದ ವಿಷಯಕ್ಕೆ. ಕಾಫಿ ಕೊಂಡವರು ಮೆಣಸೂ ಕೊಳ್ಳಬಹುದು. ಆದರೆ ಕೊನೆಗೆ ಬಂದ ದಿನ ಒಂದೇ ಇರುತ್ತದೆ.

ಇದರಿಂದ ಆಗುವ ಲಾಭ ದೊಡ್ಡದು. ಈಗ 'ಡಿಸೆಂಬರ್ 2019', 'ಡಿಸೆಂಬರ್ 2021' ಅಂತ ಟ್ಯಾಗ್ ಇದ್ದರೆ, 'ಎರಡು ವರ್ಷದಿಂದ ಬಾರದವರು ಯಾರು' ಅಂತ ಕೇಳಲು ಆಗುವುದಿಲ್ಲ. ಕೊನೆಗೆ ಬಂದ ದಿನ ಅಂತ ಒಂದು ಖಾನೆ ಇದ್ದರೆ ಅದರ ಮೇಲೆ ಒಂದು ಸೆಗ್ಮೆಂಟ್ ಮಾಡಬಹುದು. ಸೆಗ್ಮೆಂಟ್ ಅಂದರೆ ಜರಡಿ. ಟ್ಯಾಗನ್ನು ನಾವು ಕೈಯಿಂದ ಅಂಟಿಸುತ್ತೇವೆ, ನಾವೇ ತೆಗೆಯುವವರೆಗೂ ಅಲ್ಲೇ ಇರುತ್ತದೆ. ಸೆಗ್ಮೆಂಟ್ ಪ್ರತಿ ಸಲವೂ ಆ ದಿನದ ಲೆಕ್ಕ ಹಿಡಿದು ಹೊಸದಾಗಿ ಆರಿಸಿ ಕೊಡುತ್ತದೆ. ನಿಮ್ಮ ಪಟ್ಟಿಯ 'ಹೊಸ ಗ್ರಾಹಕರು' ಟ್ಯಾಗ್ ನೋಡಿ. ಅದರಲ್ಲಿ 2017ರಲ್ಲಿ ಬಂದವರೂ ಇದ್ದಾರೆ. ಅವರು ಹೊಸಬರಾಗಿದ್ದದ್ದು ನಿಜ, ಆದರೆ ಆವತ್ತಿಗೆ. ಕಾಲ ಕಳೆದ ಹಾಗೆ ಸುಳ್ಳಾಗುವ ವಿಷಯಕ್ಕೆ ಟ್ಯಾಗ್ ಹಾಕಲೇಬಾರದು.

ಊರಿನ ಹೆಸರಿನ 31 ಟ್ಯಾಗ್ ನೋಡಿ ನನಗೆ ಪಾಪ ಅನ್ನಿಸಿತು, ಯಾಕೆಂದರೆ ಇದು ಕೊಡಗಿನವರಿಗೆಲ್ಲ ಇರುವ ಕಷ್ಟ. ನಮ್ಮಲ್ಲಿ ಪ್ರತಿ ಊರಿಗೂ ಎರಡು ಹೆಸರು. ಕೊಡಗು, ಕೂರ್ಗ್. ಮಡಿಕೇರಿ, ಮರ್ಕೆರಾ. ವಿರಾಜಪೇಟೆಗೆ ಇಂಗ್ಲಿಷ್ ಅಕ್ಷರದಲ್ಲಿ ನಿಮ್ಮ ಪಟ್ಟಿಯಲ್ಲೇ ನಾಲ್ಕು ಥರ ಬರೆದಿದೆ. ಕುಶಾಲನಗರಕ್ಕೆ ಮೂರು. ಅದರ ಮೇಲೆ ದೊಡ್ಡಕ್ಷರ, ಸಣ್ಣಕ್ಷರ, ಕೊನೆಯಲ್ಲಿ ಒಂದು ಖಾಲಿ ಜಾಗ. 'ಹುತ್ತರಿ' ಒಂದು ಟ್ಯಾಗ್, 'ಪುತ್ತರಿ' ಇನ್ನೊಂದು. ಮನೆಯಲ್ಲಿ ಎಲ್ಲರಿಗೂ ಎರಡೂ ಒಂದೇ ಅಂತ ಗೊತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲ.

ಕನ್ನಡ ಅಕ್ಷರದ ಟ್ಯಾಗ್‌ಗಳಲ್ಲಿ ಕಣ್ಣಿಗೇ ಕಾಣದ ಇನ್ನೊಂದು ತೊಂದರೆ ಇದೆ. ನಿಮ್ಮಲ್ಲಿ 'ಹೋಮ್‌ಸ್ಟೇ' ಅಂತ ಎರಡು ಟ್ಯಾಗ್ ಇದ್ದು, ಎರಡೂ ನೋಡಲು ಒಂದೇ ಥರ ಇವೆ. ಒಂದರ ಮಧ್ಯೆ ಕಾಣಿಸದ ಒಂದು ಬಿಡಿಸುವ ಗುರುತು ಸೇರಿದೆ, ಇನ್ನೊಂದರಲ್ಲಿ ಅದರ ಜೊತೆ ಕೊನೆಯಲ್ಲಿ ಒಂದು ಖಾಲಿ ಜಾಗವೂ ಸೇರಿಕೊಂಡಿದೆ. 'ಕೊ', 'ಕೇ' ಇಂಥ ಅಕ್ಷರಗಳ ಸ್ವರಚಿಹ್ನೆಯನ್ನು ಒಳಗಡೆ ಎರಡು ಥರ ಬರೆಯಲು ಸಾಧ್ಯ, ಒಂದೇ ತುಂಡಾಗಿ ಅಥವಾ ಎರಡು ತುಂಡು ಜೋಡಿಸಿ. ಒಬ್ಬರು ಫೋನ್‌ನಲ್ಲಿ, ಇನ್ನೊಬ್ಬರು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದರೆ ಇಂಥ ವ್ಯತ್ಯಾಸ ಬರಬಹುದು. ಕನ್ನಡ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೇಲ್‌ಗಳನ್ನು ದಯವಿಟ್ಟು ಕನ್ನಡದಲ್ಲಿ ಬರೆಯಿರಿ, ಓದುವವರಿಗೆ ಅದರ ಬೆಲೆ ಗೊತ್ತು. ಆದರೆ ಟ್ಯಾಗ್ ಯಾರೂ ಓದುವುದಲ್ಲ, ನಿಮ್ಮ ಒಳಗಿನ ಗುರುತು. ಮೂರು ಜನ ಮೂರು ಕೀಬೋರ್ಡ್‌ನಲ್ಲಿ ಬರೆಯುವ ಮನೆಯಲ್ಲಿ ಟ್ಯಾಗ್ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ ಹಾಕಿ ಇದ್ದರೆ ತಲೆನೋವು ಕಡಿಮೆ.

ಕೆಲಸ ಶುರು ಮಾಡುವ ಮುಂಚೆ ಇಡೀ ಲಿಸ್ಟನ್ನು ಎಕ್ಸ್‌ಪೋರ್ಟ್ ಮಾಡಿ. ಮೇಲ್‌ಚಿಂಪ್ ಒಂದು ಜಿಪ್ ಫೈಲ್ ಕೊಡುತ್ತದೆ. ಅದರೊಳಗೆ ಸಬ್‌ಸ್ಕ್ರೈಬ್ ಆದವರದ್ದು, ಬಿಟ್ಟವರದ್ದು, ಮೇಲ್ ತಲುಪದೆ ಹೊರಗೆ ಹಾಕಿದವರದ್ದು ಬೇರೆ ಬೇರೆ ಇರುತ್ತದೆ. ಪ್ರತಿಯೊಬ್ಬರ ಮುಂದೆ ಅವರ ಟ್ಯಾಗ್‌ಗಳೂ ಇರುತ್ತವೆ. ತಾರೀಖು ಹಾಕಿ ಎರಡು ಕಡೆ ಇಡಿ, ಒಂದು ಪೆನ್‌ಡ್ರೈವ್‌ನಲ್ಲಿ. ಈ ಫೈಲ್ ಇದ್ದರೆ ಟ್ಯಾಗ್ ಕೆಲಸದಲ್ಲಿ ಆದ ತಪ್ಪನ್ನು ತಿದ್ದಬಹುದು. ಎಕ್ಸೆಲ್‌ನಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಅಕ್ಷರ ಎಲ್ಲ ಚಿತ್ರವಿಚಿತ್ರವಾಗಿ ಕಾಣಬಹುದು. ಗಾಬರಿಯಾಗಬೇಡಿ, ಮತ್ತೆ ಸೇವ್ ಮಾತ್ರ ಮಾಡಬೇಡಿ. ಡೇಟಾ ಮೆನುವಿನಿಂದ ಫೈಲ್ ತರಿಸಿ, ಯುಟಿಎಫ್-8 ಆರಿಸಿ. ಇಲ್ಲವೇ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ, ಅಲ್ಲಿ ಸರಿಯಾಗಿ ಬರುತ್ತದೆ.

ಒಂದು ಶೀಟ್‌ನಲ್ಲಿ 187 ಟ್ಯಾಗ್‌ಗಳನ್ನೂ ಸಾಲಾಗಿ ಬರೆದು, ಪಕ್ಕದಲ್ಲಿ ಎಷ್ಟು ಜನ, ಯಾರು ಹಾಕಿದ್ದು, ಎಲ್ಲಿ ಬಳಕೆಯಲ್ಲಿದೆ, ಏನು ಮಾಡಬೇಕು ಅಂತ ಖಾನೆ ಮಾಡಿ. ಟ್ರಿಮ್, ಲೋವರ್ ಅನ್ನುವ ಎರಡು ಫಾರ್ಮುಲಾ ಹಾಕಿದರೆ ಖಾಲಿ ಜಾಗ ಮತ್ತು ದೊಡ್ಡಕ್ಷರದ ವ್ಯತ್ಯಾಸ ಹೋಗುತ್ತದೆ. ಆಮೇಲೆ ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ಜೋಡಿಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. 'ಮರ್ಕೆರಾ' ಮತ್ತು 'ಮಡಿಕೇರಿ' ಇಂಥವನ್ನು ಮಾತ್ರ ನಿಮ್ಮ ಕಣ್ಣೇ ಹಿಡಿಯಬೇಕು.

'ಎಲ್ಲಿ ಬಳಕೆಯಲ್ಲಿದೆ' ಅನ್ನುವ ಖಾನೆಗೆ ಸಮಯ ಕೊಡಿ. ಅವಸರ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ವೆಬ್‌ಸೈಟಿನ ಫಾರ್ಮ್ ತುಂಬಿದವರಿಗೆ ತಾನಾಗಿ ಒಂದು ಟ್ಯಾಗ್ ಬೀಳುತ್ತಿರಬಹುದು. ಬುಕಿಂಗ್ ಸಾಫ್ಟ್‌ವೇರ್ ಜೋಡಿಸಿದ್ದರೆ ಅದೂ ಟ್ಯಾಗ್ ಹಾಕುತ್ತಿರಬಹುದು. ನೀವು ಇಲ್ಲಿ ಅಳಿಸಿದರೂ ನಾಳೆ ಒಂದು ಬುಕಿಂಗ್ ಬಂದ ಕೂಡಲೇ ಅದೇ ಹೆಸರಿನ ಟ್ಯಾಗ್ ಮತ್ತೆ ಹುಟ್ಟುತ್ತದೆ. ಮೊದಲು ಅದು ಹುಟ್ಟುವ ಜಾಗ ಹುಡುಕಿ ಅಲ್ಲಿ ಬದಲಾಯಿಸಿ. ಚಿಗುರು ತೆಗೆಯುವವರು ಬುಡದಿಂದ ಮುರಿಯುವುದು ಅದಕ್ಕೇ.

ಆಟೊಮೇಷನ್, ಅಂದರೆ ತಾನಾಗಿ ಹೋಗುವ ಮೇಲ್‌ಗಳ ವಿಷಯ ಇನ್ನೂ ಸೂಕ್ಷ್ಮ. 'ಈ ಟ್ಯಾಗ್ ಬಿದ್ದ ಕೂಡಲೇ ಸ್ವಾಗತದ ಮೇಲ್ ಕಳಿಸು' ಅಂತ ನೀವು ಎಲ್ಲೋ ಹೇಳಿಟ್ಟಿದ್ದೀರಿ ಅನ್ನಿ. ಈಗ ನಾಲ್ಕು ಹಳೇ ಟ್ಯಾಗ್ ಸೇರಿಸಿ ಆ ಒಂದೇ ಟ್ಯಾಗನ್ನು 600 ಜನರಿಗೆ ಹಾಕುತ್ತೀರಿ. ಸಾಫ್ಟ್‌ವೇರ್ ಪಾಲಿಗೆ ಆ 600 ಜನರೂ ಈಗ ತಾನೇ ಬಂದವರು. ಆರು ವರ್ಷದ ಹಿಂದೆ ಬಂದುಹೋದವರಿಗೆ 'ನಮ್ಮ ಬಳಗಕ್ಕೆ ಸ್ವಾಗತ' ಅಂತ ಹೋಗುತ್ತದೆ. ಟ್ಯಾಗ್ ಮುಟ್ಟುವ ಮೊದಲು ಎಲ್ಲ ಆಟೊಮೇಷನ್ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಒಂದೊಂದಾಗಿ ತೆರೆದು ನೋಡಿ ಶುರು ಮಾಡಿ.

ಸೇರಿಸುವ ಕೆಲಸ ಹೀಗೆ. ಹಳೇ ಟ್ಯಾಗ್ ಇರುವವರನ್ನು ಆರಿಸಿ, ಎಲ್ಲರಿಗೂ ಹೊಸ ಟ್ಯಾಗ್ ಹಾಕಿ. ಎಣಿಕೆ ಸರಿಯಿದೆಯಾ ನೋಡಿ. ಒಬ್ಬರ ಮೇಲೇ ಎರಡು ಹಳೇ ಟ್ಯಾಗ್ ಇದ್ದರೆ ಅವು ಒಂದಾಗುವುದರಿಂದ ಒಟ್ಟು ಸ್ವಲ್ಪ ಕಡಿಮೆ ಬರಬಹುದು, ಅದು ಸಹಜ. ಆದರೆ ಹಳೇ ಟ್ಯಾಗನ್ನು ಅವತ್ತೇ ಅಳಿಸಬೇಡಿ. ಅದರ ಹೆಸರಿನ ಮುಂದೆ 'ಹಳೇ' ಅಂತ ಸೇರಿಸಿ ಹೆಸರು ಬದಲಿಸಿ, ಹಾಗೇ ಬಿಡಿ. ತೋಟದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹುಡುಕುವಾಗ ಸಾಲು ಸಾಲಾಗಿ ನೋಡಿ, ಕಾಂಡದ ಮೇಲೆ ಉಬ್ಬುಗೆರೆ ಇರುವ ಗಿಡಕ್ಕೆ ಮೊದಲು ಗುರುತು ಹಾಕಿಕೊಂಡು ಬರುತ್ತಾರೆ, ಆಮೇಲೆ ಕೀಳುತ್ತಾರೆ. ಅದೇ ಕ್ರಮ ಇಲ್ಲಿ. ಮೂರು ತಿಂಗಳು ಕಳೆದು, ಎರಡು ಮೂರು ಮೇಲ್ ಹೋಗಿ, ಯಾರೂ 'ಆ ಟ್ಯಾಗ್ ಎಲ್ಲಿ' ಅಂತ ಕೇಳದಿದ್ದರೆ ಅಳಿಸಿ.

ಇನ್ನು ಉಳಿದ 35ರ ಬಗ್ಗೆ. ಅವನ್ನು ಓದುತ್ತಾ ಬಂದಾಗ ಒಂದು ಟ್ಯಾಗ್ ಹತ್ತಿರ ನಿಂತುಬಿಟ್ಟೆ. 'ದುಡ್ಡು ಬೇಡ ಅಂದವರು 2018'. ಒಂಬತ್ತು ಜನ. ಆ ವರ್ಷದ ಆಗಸ್ಟ್ ನಮಗೆಲ್ಲ ನೆನಪಿದೆ. ಗುಡ್ಡ ಕುಸಿದು, ರಸ್ತೆ ಹೋಗಿ, ಬುಕಿಂಗ್ ಎಲ್ಲ ರದ್ದಾದಾಗ ಈ ಒಂಬತ್ತು ಜನ ಮುಂಗಡದ ಹಣ ವಾಪಸ್ ಬೇಡ ಅಂದಿರಬೇಕು. ನನ್ನ ತಕ್ಕಡಿ ಪ್ರಕಾರ ಇದು ಟ್ಯಾಗ್ ಅಲ್ಲ, ಇದರಿಂದ ಯಾವ ಮೇಲೂ ಹೋಗುವುದಿಲ್ಲ. ಆದರೆ ಕಳೆದುಹೋಗಬಾರದು. ಒಬ್ಬೊಬ್ಬರ ಹೆಸರಿನ ಕೆಳಗೆ ನೋಟ್ ಬರೆಯುವ ಜಾಗ ಇದೆ, ಅಲ್ಲಿ ಒಂದು ಸಾಲು ಬರೆಯಿರಿ. ಅವರು ಮುಂದೆ ಯಾವತ್ತಾದರೂ ರೂಮ್ ಕೇಳಿ ಬರೆದರೆ ಉತ್ತರ ಕೊಡುವವರಿಗೆ ಅದು ಕಾಣಬೇಕು. ಆಗ ಉತ್ತರ ಕೊಡುವುದು ನೀವಲ್ಲದೆ ಮಗಳೂ ಆಗಿರಬಹುದು.

ಬಾಕಿ ಇರುವುದರಿಂದ ನಾನು ಉಳಿಸುವುದು ಇವು. ತಂಗಿದವರು, ಬರೀ ವಿಚಾರಿಸಿದವರು. ಕಾಫಿ ಕೊಂಡವರು, ಮೆಣಸು ಕೊಂಡವರು, ಜೇನು ಕೊಂಡವರು. ಹೂವಿನ ಕಾಲ, ಮಳೆಗಾಲ, ನಡಿಗೆ, ಮಕ್ಕಳ ರಜೆ, ಹಬ್ಬ, ಇವು ಆಸಕ್ತಿಗಳು. ಚಿಕೋರಿ ಇಲ್ಲದ ಪುಡಿ ಮಾತ್ರ ಕೇಳುವವರು, ಇದು ನಿಮ್ಮ ಮಗಳು ಹಾಕಿದ್ದಂತೆ, ಬಹಳ ಒಳ್ಳೆಯ ಟ್ಯಾಗ್, ಏನು ಮಾರಬೇಕು ಅಂತ ನೇರವಾಗಿ ಹೇಳುತ್ತದೆ. ಮತ್ತೆ ಅಂಗಡಿ ಮತ್ತು ಕೆಫೆ, ಟ್ರಾವೆಲ್ ಏಜೆಂಟ್, ಹೊರಗಿರುವ ನಮ್ಮವರು. ಹದಿನಾಲ್ಕಕ್ಕೆ ಮುಗಿಯಿತು. ಬರೆಯುವುದು ಇಂಗ್ಲಿಷ್‌ನಲ್ಲಾದರೂ, ಹೆಸರಿನ ಮೊದಲ ಪದ ಅದು ಯಾವ ಗುಂಪು ಅಂತ ಹೇಳಲಿ: ಅತಿಥಿ, ಕೊಂಡವರು, ಆಸಕ್ತಿ, ವ್ಯಾಪಾರ. ಆಗ 'ವ್ಯಾಪಾರ' ಅಂತ ಶುರುವಾಗುವ ಟ್ಯಾಗ್ ಮತ್ತು 'ಅತಿಥಿ' ಅಂತ ಶುರುವಾಗುವ ಟ್ಯಾಗ್ ಪಟ್ಟಿಯಲ್ಲಿ ದೂರ ದೂರ ಕೂರುತ್ತವೆ. ನಿಮ್ಮ ಸಗಟು ದರದ ಮೇಲ್ ತಪ್ಪಿ ಹೋದದ್ದು 'ಕಾಫಿ ಕಸ್ಟಮರ್' ಮತ್ತು 'ಕಾಫಿ ಕಸ್ಟಮರ್ಸ್' ಅಕ್ಕಪಕ್ಕ ಇದ್ದದ್ದಕ್ಕೆ ಅಂತ ನನ್ನ ಅಂದಾಜು. ಒಂದರಲ್ಲಿ 38 ಅಂಗಡಿ, ಇನ್ನೊಂದರಲ್ಲಿ 1,900 ಜನ. ಯಾರಾದರೂ ತಪ್ಪುತ್ತಿದ್ದರು. ನಾಚಿಕೆ ಪಡಬೇಡಿ.

ಆದರೆ ಅಂಥ ಮೇಲ್ ಮತ್ತೆ ಹೋಗದಂತೆ ನೋಡಿಕೊಳ್ಳುವುದು ಮುಖ್ಯ. ತಮಗೆ ಸಂಬಂಧವಿಲ್ಲದ ಮೇಲ್ ಬಂದರೆ ಜನ ಅನ್‌ಸಬ್‌ಸ್ಕ್ರೈಬ್ ಹುಡುಕುವುದಿಲ್ಲ, ಸ್ಪ್ಯಾಮ್ ಅಂತ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3 ಮುಟ್ಟಬಾರದು, ಶೇ. 0.1ರ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಸಾವಿರ ಜನರಲ್ಲಿ ಮೂರೇ ಜನ! ಅದು ದಾಟಿದರೆ ಒಳ್ಳೆಯ ಮೇಲೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಲು ಶುರುವಾಗುತ್ತದೆ. ಹೂವಿನ ಕಾಲದ ಮೇಲ್ ಅಲ್ಲಿ ಬಿದ್ದರೆ, ಅವರು ನೋಡುವ ಹೊತ್ತಿಗೆ ಹೂವು ಬಾಡಿರುತ್ತದೆ.

'ಆಕ್ಟಿವ್' ಅಂತ ಒಂದು ಟ್ಯಾಗ್ ಇದೆ, ಮೇಲ್ ತೆರೆದವರಿಗೆ ಹಾಕಿದ್ದು ಅಂತ ಬರೆದಿದ್ದೀರಿ. ಅದನ್ನು ನಂಬಬೇಡಿ. 2021ರ ಸೆಪ್ಟೆಂಬರ್‌ನಿಂದ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಒಂದು ಖಾಸಗಿತನದ ಸೌಲಭ್ಯ ಕೊಟ್ಟಿದೆ. ಅದು ಆನ್ ಇದ್ದರೆ ಮೇಲ್‌ನ ಚಿತ್ರಗಳನ್ನು ಆಪಲ್ ತಾನೇ ಮೊದಲೇ ತರಿಸಿಕೊಳ್ಳುತ್ತದೆ. ಆ ವ್ಯಕ್ತಿ ಓದದಿದ್ದರೂ 'ತೆರೆದರು' ಅಂತ ಲೆಕ್ಕ ಬೀಳುತ್ತದೆ. ಲಿಂಕ್ ಒತ್ತಿದವರು, ಉತ್ತರ ಬರೆದವರು, ಕೊಂಡವರು, ಬಂದು ಉಳಿದವರು, ಇವರನ್ನು ಮಾತ್ರ ಆಸಕ್ತಿ ಇರುವವರು ಅಂತ ಹಿಡಿಯಿರಿ.

ಟ್ಯಾಗೇ ಇಲ್ಲದವರು 412 ಜನ ಇದ್ದಾರೆ, ಅದನ್ನು ನೀವು ಕೇಳಲಿಲ್ಲ, ಆದರೂ ಹೇಳಬೇಕು. ಇವರಲ್ಲಿ ಹೆಚ್ಚಿನವರ ಇಮೇಲ್ ಅತಿಥಿ ರಿಜಿಸ್ಟರ್‌ನಿಂದ ಬಂದದ್ದು. ಕೆಲವು ಬುಕಿಂಗ್ ಸೈಟ್‌ನವರು ಕೊಟ್ಟ ನಡುವಿನ ವಿಳಾಸ, ಅತಿಥಿಯ ಸ್ವಂತ ವಿಳಾಸವೇ ಅಲ್ಲ. ಅವನ್ನು ಪೂರ್ತಿ ತೆಗೆಯಿರಿ. ರಿಜಿಸ್ಟರ್‌ನಲ್ಲಿ ಬರೆದವರು ರೂಮಿಗಾಗಿ ಬರೆದರು, ಮೇಲ್ ಕಳಿಸಿ ಅಂತ ಅಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ. ಯಾವ ಕೆಲಸಕ್ಕೆ ಒಪ್ಪಿಗೆ ಕೊಟ್ಟರೋ ಅದಕ್ಕೆ ಮಾತ್ರ ಬಳಸಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲೂ ಆಗಬೇಕು. ಕಾಯ್ದೆ ಬಿಡಿ, ನಮ್ಮ ಮನೆಯಲ್ಲಿ ಉಂಡು ಮಲಗಿ ಹೋದವರು ಅವರು. ಕೇಳದೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಇನ್ನು ಮುಂದೆ ರಿಜಿಸ್ಟರ್‌ನಲ್ಲೇ ಒಂದು ಖಾನೆ ಹಾಕಿ: 'ತೋಟದ ಸುದ್ದಿ ಇಮೇಲ್‌ನಲ್ಲಿ ಕಳಿಸಬಹುದಾ?' ಹೌದು ಅಂತ ಅವರೇ ಗುರುತು ಹಾಕಲಿ. ಯಾವ ದಿನ ಒಪ್ಪಿದರು ಅನ್ನುವುದು ಫೀಲ್ಡ್‌ಗೆ ಹೋಗಲಿ.

ಇದನ್ನೆಲ್ಲ ಯಾವಾಗ ಮಾಡುವುದು? ಜುಲೈನಲ್ಲಿ. ಅತಿಥಿಗಳು ಕಡಿಮೆ, ತೋಟದಲ್ಲೂ ಮಳೆ. ಕರೆಂಟ್, ನೆಟ್‌ವರ್ಕ್ ಹೋದಾಗಲೂ ಕಾಗದದ ಕೆಲಸ ಮತ್ತು ಇಳಿಸಿಟ್ಟುಕೊಂಡ ಶೀಟಿನ ಕೆಲಸ ನಡೆಯುತ್ತದೆ. ಮೇಲ್‌ಚಿಂಪ್ ಒಳಗಿನ ಕೆಲಸ ಎರಡು ದಿನದ್ದು. ಓದಿ ತೀರ್ಮಾನ ಮಾಡುವುದಕ್ಕೆ ಒಂದು ವಾರ ಬೇಕು. ಮಗಳು ಪಕ್ಕದಲ್ಲಿ ಕೂರಲಿ, ಅವಳು ಯಾಕೆ ಯಾವ ಟ್ಯಾಗ್ ಹಾಕಿದಳು ಅಂತ ಅವಳಿಗೇ ಗೊತ್ತು. ಆ ಹುಡುಗನಿಗೂ ಸಾಧ್ಯವಾದರೆ ಒಂದು ಫೋನ್ ಮಾಡಿ.

ಮುಗಿದ ಮೇಲೆ ಹೊಸ ಟ್ಯಾಗ್ ಹುಟ್ಟಿಸುವವರು ಮನೆಯಲ್ಲಿ ಒಬ್ಬರೇ ಇರಬೇಕು. ತೋಟದಲ್ಲಿ ಕೆಲಸದವರ ಹಾಜರಿಯನ್ನು ಚೆಕ್‌ರೋಲ್ ರೈಟರ್ ಒಬ್ಬರೇ ಬರೆಯುವ ಹಾಗೆ. ಟ್ಯಾಗ್ ಹಾಕುವುದು ಯಾರು ಬೇಕಾದರೂ ಮಾಡಲಿ, ಆದರೆ ಪಟ್ಟಿಯಲ್ಲಿ ಇರುವ ಹದಿನಾಲ್ಕರಿಂದ ಮಾತ್ರ. ಹೊಸದು ಬೇಕು ಅನ್ನಿಸಿದರೆ ಆ ಒಬ್ಬರನ್ನು ಕೇಳಬೇಕು, ಅವರು 'ಇದರಿಂದ ಯಾವ ಮೇಲ್ ಹೋಗುತ್ತದೆ' ಅಂತ ಕೇಳಬೇಕು. ನಿಮ್ಮ ಮಗಳು ಈ ಕೆಲಸಕ್ಕೆ ಸರಿ ಅನ್ನಿಸುತ್ತದೆ, ಚಿಕೋರಿಯ ಟ್ಯಾಗ್ ನೋಡಿಯೇ ಹೇಳುತ್ತಿದ್ದೇನೆ.

ಕೊನೆಗೆ ಬಿಲ್. ಟ್ಯಾಗ್ ಎಷ್ಟಿದ್ದರೂ ಬಿಲ್‌ಗೆ ವ್ಯತ್ಯಾಸವಿಲ್ಲ, ಲೆಕ್ಕ ಬೀಳುವುದು ಜನಕ್ಕೆ. ಮೇಲ್‌ಚಿಂಪ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಆದವರೂ ಎಣಿಕೆಗೆ ಸೇರುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆರ್ಕೈವ್ ಮಾಡಿದವರು, ಅಂದರೆ ಅಳಿಸದೆ ಪಕ್ಕಕ್ಕೆ ಎತ್ತಿಟ್ಟವರು, ಸೇರುವುದಿಲ್ಲ. ಹಾಗಾಗಿ ಬಿಟ್ಟುಹೋದವರ ಫೈಲನ್ನು ಮೊದಲು ಜೋಪಾನವಾಗಿ ಇಟ್ಟುಕೊಂಡು, ಆಮೇಲೆ ಅವರನ್ನು ಆರ್ಕೈವ್ ಮಾಡಿ. ಯಾರನ್ನಾದರೂ ಹೊಸದಾಗಿ ಸೇರಿಸುವಾಗ ಆ ಫೈಲ್ ಜೊತೆ ಹೋಲಿಸಿ ನೋಡಿ. ಟ್ಯಾಗ್ ಇಲ್ಲದ 412ರಲ್ಲಿ ಮೂರು ವರ್ಷದಿಂದ ಸುಳಿವೇ ಇಲ್ಲದವರನ್ನೂ ಆರ್ಕೈವ್ ಮಾಡಬಹುದು. ಎಣಿಕೆ ಇಳಿದ ಮೇಲೆ ಪ್ಲಾನ್ ತಾನಾಗಿ ಇಳಿಯುವುದಿಲ್ಲ. ಬಿಲ್ಲಿಂಗ್ ಪುಟಕ್ಕೆ ಹೋಗಿ, ಮುಂದಿನ ಬಿಲ್ ಬರುವ ಮುಂಚೆ, ನೀವೇ ಬದಲಾಯಿಸಬೇಕು.